ಅಂಗೈ ಬಿಸಿ ಮಾಡಿಕೊಂಡು ಮುಟ್ಟುವಾಕೆ

ಆಕೆಯ ಬಲಗೈ ಮಣಿಕಟ್ಟಿಗೆ ಯಾವಾಗಲೂ ಕಂದು ಬಣ್ಣದ ಪಟ್ಟಿ ಸುತ್ತಿರುತ್ತಿತ್ತು. ಬಳೆ ಎಡಗೈಗೆ ಮಾತ್ರ. ಯಾರ ಎದೆ ಮುಟ್ಟುವುದಿದ್ದರೂ ಮೊದಲು ಎರಡೂ ಅಂಗೈ ಕೂಡಿಸಿ, ಚಳಿಯಲ್ಲಿ ಒಲೆ ಮುಂದೆ ಕೂತವರ ಹಾಗೆ ಖಸಖಸ ಉಜ್ಜುತ್ತಿದ್ದಳು. ಆಮೇಲೆ ಆ ಕೈಯನ್ನು ತನ್ನ ಕೆನ್ನೆಗೆ ಇಟ್ಟು ನೋಡುತ್ತಿದ್ದಳು. ಬಿಸಿ ಸಾಲದು ಅನ್ನಿಸಿದರೆ ಮತ್ತೊಮ್ಮೆ ಉಜ್ಜುವುದು.

ಬೀದರಿನ ಒಂದು ದವಾಖಾನೆಯಲ್ಲಿ ಹೃದಯದ ಎಕೋ ತೆಗೆಯುವುದು ಆಕೆಯ ಕೆಲಸ. ಮನೆ ಚಿದ್ರಿ ಕಡೆ. ವಯಸ್ಸು ನನ್ನ ಹಿರಿಮಗಳಷ್ಟು. ಕೋಣೆಯ ಬಾಗಿಲ ಹಿಂದಿನ ಗೂಟಕ್ಕೆ ಆಕೆಯ ಕರಿ ಬುರ್ಖಾ ನೇತಾಡುತ್ತಿತ್ತು. ನಾವು ಎಕೋಬಾಯಿ ಅನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಅನ್ನುತ್ತೇನೆ.

ನಾನು ಔರಾದ ತಾಲ್ಲೂಕಿನ ಚಿಂತಾಕಿಯವಳು. ಮೂರನೆಯ ತರಗತಿಗೆ ಸಾಲಿ ಬಿಟ್ಟವಳು. ಸೊಸೆಯ ತವರು ಭಾಲ್ಕಿ, ಚೊಚ್ಚಲ ಬಾಣಂತನ ಅಲ್ಲಿಯೇ ಆಯಿತು. ಮೊಮ್ಮಗಳು ಗಂಗಾಳಿಗೆ ಮೂರು ತಿಂಗಳಿದ್ದಾಗ ಸೂಜಿ ಹಾಕಿಸಲು ಕರೆದೊಯ್ದರೆ, ಅಲ್ಲಿಯ ಡಾಕ್ಟರು ಎದೆಗೆ ನಳಿಕೆ ಇಟ್ಟರು, ತೆಗೆದರು, ಮತ್ತೆ ಇಟ್ಟರು. "ಸಪ್ಪಳ ಬ್ಯಾರೆ ಅದ. ಬೀದರಕ ಹೋಗಿ ಎಕೋ ಮಾಡಸ್ರಿ" ಎಂದರು. ಮರುದಿನವೇ ಬೀದರಿನ ಬಸ್ಸು ಹತ್ತಿದೆವು.

"ಕರೆಂಟ್ ಹೊಡಿತದೇನ್ರಿ ಬಾಯಿ? ಸೂಜಿ ಚುಚ್ತೀರೇನ್ರಿ?" ಎಂದು ನಾನು ಕೋಣೆಯ ಹೊಸ್ತಿಲಲ್ಲೇ ಕೇಳಿದ್ದೆ.

"ಸೂಜಿ ಇಲ್ಲ, ಕರೆಂಟ್ ಇಲ್ಲ, ನೋವು ಇಲ್ಲ. ಎದಿಗಿ ಜೆಲ್ ಹಚ್ತೇನಿ, ಅದ್ರ ಮ್ಯಾಲ ಈ ಗುಂಡಿ ಆಡಸ್ತೇನಿ. ಒಳಗಿಂದು ಟೀವಿಯಾಗ ಕಾಣಸ್ತದ. ಬಸ್, ಇಷ್ಟ. ಕೂಸಿಗಿ ಹಾಲು ಕುಡಸ್ಕೋತ ಇರ್ಲಿ ತಾಯಿ, ಸುಮ್ನ ಮಲಗ್ತದ."

ಜೆಲ್ ಬಾಟಲಿಯನ್ನು ಆಕೆ ಬಿಸಿನೀರಿನ ಚಂಬಿನಲ್ಲಿ ಇಟ್ಟಿದ್ದಳು. ಕೂಸು ಬೆಚ್ಚಲಿಲ್ಲ. ಬೆಚ್ಚಿದವಳು ನಾನು. ಟೀವಿಯಲ್ಲಿ ಮೊದಲು ಕಪ್ಪು ಬಿಳುಪು ಏನೋ ಮಿಡಿಯುತ್ತಿತ್ತು. ಆಕೆ ಮಸೀನಿನ ಒಂದು ಬಟನ್ ಒತ್ತಿದಳು ನೋಡಿ, ಕೆಂಪು ನೀಲಿ ಬುಗ್ಗೆ ಎದ್ದಿತು. "ಅಯ್ಯ ಬಾಯಿ, ಕೂಸಿನ ರಕ್ತ ನೀಲಿ ಆಗ್ಯಾದಲ್ರಿ!" ಎಂದು ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆಕೆ ಕೈ ನಿಲ್ಲಿಸಲಿಲ್ಲ. "ಅಮ್ಮಾ, ಬಸ್ ಸ್ಟ್ಯಾಂಡಿಗಿ ಬರೋ ಬಸ್ಸು ಅದಾವ, ಹೋಗೋ ಬಸ್ಸು ಅದಾವ. ನನ್ನ ಗುಂಡಿ ಕಡಿ ಬರೋ ರಕ್ತಕ್ಕ ಮಸೀನ್ ಕೆಂಪು ಬಣ್ಣ ಕೊಡ್ತದ, ಆ ಕಡಿ ಹೋಗೋದಕ್ಕ ನೀಲಿ. ನಿಮ್ದೂ ಹಿಂಗ, ನಂದೂ ಹಿಂಗ" ಎಂದಳು.

ಹಾಗಾದರೆ ಏನು ಕಂಡಿತು ಹೇಳಿರಿ ಎಂದು ಬೇಡಿಕೊಂಡೆ. ಹೇಳಲಿಲ್ಲ. ನಾನು ಆಕೆಯ ಹುಬ್ಬು, ತುಟಿ ಎಲ್ಲ ನೋಡುತ್ತ ನಿಂತೆ. "ನನ್ನ ಮುಖ ನೋಡಬ್ಯಾಡ್ರಿ ಅಮ್ಮಾ, ಮುಖದಾಗ ರಿಪೋರ್ಟ್ ಇರಂಗಿಲ್ಲ. ನಾ ಚಿತ್ರ ತಗೊಳ್ಳಾಕಿ. ಓದಿ ಹೇಳೋರು ಡಾಕ್ಟರ್ ಸಾಹೇಬ್ರು" ಎಂದಳು. ಬಂದವರಿಗೆಲ್ಲ ಆಕೆ ಇದೇ ಮಾತು ಹೇಳುತ್ತಿದ್ದಳಂತೆ.

ಓದಿದ ಸಾಹೇಬರು, ಹೃದಯದ ನಡುಗೋಡೆಯಲ್ಲಿ ಸಣ್ಣ ತೂತು ಇದೆ ಎಂದರು. ತಾನಾಗಿ ಮುಚ್ಚಿಕೊಳ್ಳಬಹುದು, ಮುಚ್ಚದಿದ್ದರೆ ಆಪರೇಷನ್. ನಡುವೆ ಭಾಲ್ಕಿ ಡಾಕ್ಟರು ನೋಡುತ್ತಿರಲಿ, ಮೂರು ವರ್ಷ ತುಂಬಿದ ಮೇಲೆ ಮತ್ತೆ ಎಕೋ ಮಾಡೋಣ ಎಂದರು.

ಆ ಮೂರು ವರ್ಷ ನಾನು ಗಂಗಾ ಓಡಿದರೆ ಹೆದರಿದೆ, ಓಡದೆ ಕೂತರೂ ಹೆದರಿದೆ.

ಎರಡನೆಯ ಸಲ ಹೋದಾಗ ಗಂಗಾ ಹಾಲು ಕುಡಿಯುವ ಕೂಸಲ್ಲ, ಬಾಯಿ ಬಂದಾಕೆ. ಎದೆಗೆ ಅಂಟಿಸುವ ವಯರು ನೋಡಿದ್ದೇ ತಡ, "ಸೂಜಿ! ಸೂಜಿ! ಆಯೀ, ಮನಿಗಿ ನಡಿ!" ಎಂದು ನನ್ನ ಕೊರಳಿಗೆ ಬಿದ್ದಳು. ಮಲಗದಿದ್ದರೆ ಚಿತ್ರ ಬರುವುದಿಲ್ಲ. ನಿದ್ದೆಯ ಔಷಧ ಕೊಡಬೇಕಾದೀತು ಎಂದು ಸೊಸೆ ಕಣ್ಣೀರು ಹಾಕಿದಳು.

"ತಡೀರಿ" ಎಂದ ಎಕೋಬಾಯಿ ನನ್ನ ಕಡೆ ತಿರುಗಿದಳು. "ಮೊದ್ಲ ಆಯಿದು ಮಾಡೋಣು. ಮಲಗ್ರಿ ಅಮ್ಮಾ."

"ನಂದ್ಯಾಕ್ರಿ! ನಾ ಗಟ್ಟಿ ಮುಟ್ಟಿ ಅದೀನಿ."

"ಗಟ್ಟಿ ಅದೀರಂತ ಕೂಸಿಗಿ ತೋರಸ್ರಿ ಮತ್ತ!"

ಪರದೆ ಎಳೆದಳು. ನಾನು ಮಂಚ ಹತ್ತಿದೆ, ಆದರೆ ಕುಪ್ಪಸದ ಗುಂಡಿಗೆ ಹೋದ ಕೈ ಅಲ್ಲೇ ನಿಂತಿತು. ಎದೆಯ ಮೇಲೆ ನನ್ನ ಲಿಂಗವಿದೆ. ಕಟ್ಟಿಕೊಂಡ ದಿನದಿಂದ ಮೈಯಿಂದ ಬೇರೆ ಮಾಡಿದವಳಲ್ಲ. ಹೇಗೆ ಹೇಳುವುದೆಂದು ತಿಳಿಯದೆ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಆಕೆಗೆ ಹೇಳಬೇಕಾಗಲೇ ಇಲ್ಲ.

"ತೆಗೀಬ್ಯಾಡ್ರಿ ಅಮ್ಮಾ. ದಾರ ಕೊರಳಾಗ ಇರ್ಲಿ, ಲಿಂಗ ಅಂಗೈಯಾಗ ಇರ್ಲಿ. ಪೂಜಾದಾಗ ಅಂಗೈಯಾಗ ಇಟ್ಕೊಳ್ಳಂಗಿಲ್ಲೇನು? ನಾ ಮುಟ್ಟಂಗಿಲ್ಲ. ನಮ್ಮ ಮಂದಿ ತಾವೀಜ್ ಕಟ್ಕೊಂಡು ಬರ್ತಾರ, ನೀವು ಲಿಂಗ. ನಂಗ ನಾಕು ಬೆರಳು ಜಾಗಾ ಸಿಕ್ರ ಸಾಕು."

ಎಡಮಗ್ಗುಲಾಗಿ ಮಲಗಿದೆ. ಗುಂಡಿ ಪಕ್ಕೆಲುಬಿನ ನಡುವೆ ಒತ್ತಿದಾಗ ಕಚಗುಳಿಯಾಗಿ ನಕ್ಕುಬಿಟ್ಟೆ. ನಾನು ನಕ್ಕಿದ್ದಕ್ಕೆ ಗಂಗಾ ಅಳು ನಿಲ್ಲಿಸಿದಳು. "ಆಯಿ ಎದ್ಯಾಗ ಕಪ್ಪಿ ಕುಣಿಲಾಕತ್ತದ!" ಎಂದು ಟೀವಿಗೆ ಬೆರಳು ತೋರಿಸಿದಳು. "ನಿನ್ನ ಎದ್ಯಾಗಿನ ಕಪ್ಪಿ ನೋಡೋಣೇನು?" ಎಂದಳು ಎಕೋಬಾಯಿ, ಅಂಗೈ ಉಜ್ಜುತ್ತ. ಗಂಗಾ ತಾನೂ ಉಜ್ಜಿದಳು.

ನಾನು ಎದ್ದು ಕೂತೆ. ಗಂಗಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನನ್ನ ಅಂಗೈಯಲ್ಲಿ ಲಿಂಗ, ಅದರ ಮೇಲೆ ಅವಳ ಪುಟ್ಟ ಅಂಗೈ. ಅಲುಗಾಡಲಿಲ್ಲ ನನ್ನ ತಾಯಿ.

ಅಲುಗಾಡಿದ್ದು ನನ್ನ ಜೀವ. ಯಾಕೆಂದರೆ ಎಕೋಬಾಯಿ ಮುಗಿಸಲೇ ಒಲ್ಲಳು. ಎದೆಯ ಮೇಲಿಟ್ಟಳು, ಹೊಟ್ಟೆಯ ಹತ್ತಿರ ಇಟ್ಟಳು, ಕೊರಳ ಕುಳಿಯಲ್ಲಿ ಇಟ್ಟಳು. ಮತ್ತೆ ಮೊದಲಿನ ಜಾಗಕ್ಕೇ ಬಂದಳು. ಬಣ್ಣ ಹಾಕಿದಳು, ತೆಗೆದಳು, ಹಾಕಿದಳು. ನಡುವೆ ಒಮ್ಮೆ ಮಣಿಕಟ್ಟು ನೊಂದಿರಬೇಕು, ಎಡಗೈಯಿಂದ ಹಿಚುಕಿಕೊಂಡು ಮತ್ತೆ ಶುರು ಮಾಡಿದಳು. ತೂತು ದೊಡ್ಡದಾಗಿದೆ, ಅದಕ್ಕೇ ಇಷ್ಟು ಹೊತ್ತು ಎಂದು ನನ್ನ ಮನಸ್ಸು ಹೇಳಿತು. ಮುಖ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ.

ಡಾಕ್ಟರ್ ಸಾಹೇಬರು ಚಿತ್ರಗಳನ್ನೆಲ್ಲ ನೋಡಿ, ತಾವೂ ಒಮ್ಮೆ ಗುಂಡಿ ಆಡಿಸಿ, "ಅಮ್ಮಾ, ತೂತು ಮುಚ್ಚಿದೆ. ಆಪರೇಷನ್ ಬೇಡ" ಎಂದರು. ಸೊಸೆ ನೆಲದ ಮೇಲೆ ಕೂತುಬಿಟ್ಟಳು.

ನಾನು ಎಕೋಬಾಯಿಯ ಹತ್ತಿರ ಹೋಗಿ ಜಗಳಕ್ಕೇ ನಿಂತೆ. "ಮುಚ್ಚಿದ್ದಕ್ಕ ಅಷ್ಟು ಹೊತ್ತು ಯಾಕ್ರಿ ಬಾಯಿ? ನನ್ನ ಜೀವಾ ತಿಂದ್ರೆಲ್ಲ!"

"ತೂತು ಇದ್ರ ಒಂದು ಕಡಿಂದ ಕಂಡ್ರೂ ಸಾಕು ಅಮ್ಮಾ. ಇಲ್ಲ ಅನ್ನಬೇಕಂದ್ರ ಎಲ್ಲಾ ಕಡಿಂದ ನೋಡಬೇಕಲಾ" ಎಂದಳು. ಆಗ ನಕ್ಕಳು. ಎರಡು ಸಲ ಹೋಗಿದ್ದರೂ ಆಕೆ ನಕ್ಕದ್ದನ್ನು ನೋಡಿದ್ದು ಆಗಲೇ. ನಾನು ಆ ಪಟ್ಟಿ ಸುತ್ತಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡೆ. ಜೆಲ್ ನನ್ನ ಮುಖಕ್ಕೆಲ್ಲ ಹತ್ತಿತು.

ಹೋದ ತಿಂಗಳು ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆ. ಕೈನೋವು ಹೆಚ್ಚಾಗಿ ಆಕೆ ಈಗ ಮಸೀನು ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತು ಹೊಸ ಹುಡುಗಿಯರಿಗೆ ಕಲಿಸುತ್ತಾಳೆ. ನನ್ನ ಗುರುತು ಹತ್ತಲಿಲ್ಲ. "ಮುಖ ನೆನಪಿಲ್ಲ ಅಮ್ಮಾ, ಎದಿ ತೋರಿಸಿದ್ರ ನೆನಪಾಗ್ತಿತ್ತೇನೋ" ಎಂದಳು. ಎಷ್ಟು ಸಾವಿರ ಎದೆ ಕಂಡಾಕೆಯೋ! ಬೇಜಾರಾಗಲಿಲ್ಲ. ಆಕೆ ಮರೆತರೇನು, ನಾನು ಮರೆಯುವುದಿಲ್ಲ.

ಹೋಳಿಗೆ ಯಾಕೆ ಅಂದಿರಾ? ನಮ್ಮ ಮನೆಗೆ ಮೊಮ್ಮಗ ಬಂದಿದ್ದಾನೆ! ಗಂಗಾ ಈಗ ಸಾಲಿಗೆ ಹೋಗುತ್ತಾಳೆ, ಓಣಿಯಲ್ಲಿ ಅವಳನ್ನು ಓಡಿ ಹಿಡಿಯುವವರಿಲ್ಲ. ತಮ್ಮನನ್ನು ತೊಟ್ಟಿಲಿಗೆ ಹಾಕಿದ ದಿನ, ಮುಟ್ಟು ಬಾ ಎಂದು ಸೊಸೆ ಕರೆದಳು. ಗಂಗಾ ತೊಟ್ಟಿಲ ಮುಂದೆ ನಿಂತು ಎರಡೂ ಅಂಗೈ ಖಸಖಸ ಉಜ್ಜಿದಳು. ಕೆನ್ನೆಗೆ ಇಟ್ಟು ನೋಡಿದಳು. ಮತ್ತೆ ಉಜ್ಜಿದಳು.

"ಮುಟ್ಟು, ಯಾಕ ನಿಂತಿ?" ಎಂದೆ.

"ತಡಿ ಆಯಿ, ಇನ್ನಾ ಬಿಸಿ ಆಗಿಲ್ಲ."