ಪೆಟ್ಟಿಗೆಗೆ ಉಡಿ ತುಂಬಿದ ಮಾಳವ್ವ

ಮಾಳವ್ವ ಮರದ ಪೆಟ್ಟಿಗೆಗಳಿಗೆ ಉಡಿ ತುಂಬುತ್ತಿದ್ದಳು. ನಗಬೇಡಿ, ಖರೇನ ಹೇಳುತ್ತಿದ್ದೇನೆ. ತವರಿನಿಂದ ಹೊರಟ ಮಗಳ ಸೆರಗಿಗೆ ಅಕ್ಕಿ, ಅಡಕಿ, ಅರಿಷಿಣದ ಕೊಂಬು ಹಾಕಿ, ಹೊಳ್ಳಿ ಬಾರವ್ವ ಅಂತ ಕಳಿಸುತ್ತೇವಲ್ಲ, ಹಾಗೆ. ಬೆಳಗಾವಿಯ ಉದ್ಯಮಬಾಗದ ನಮ್ಮ ಫೌಂಡ್ರಿಯಿಂದ ಅಮೆರಿಕಕ್ಕೆ ಹೊರಟ ಪೆಟ್ಟಿಗೆಗೂ ಅವಳದು ಅದೇ ಶಾಸ್ತ್ರ. ಒಳಗೆ ಪಂಪಿನ ಬೀಡುಕಬ್ಬಿಣದ ಭಾಗಗಳು, ಮೇಲೆ ಒಂದು ಹಿಡಿ ಅಕ್ಕಿ, ಆಮೇಲೆ ಮುಚ್ಚಳ, ಮೊಳೆ.

ನಾನು ಅಲ್ಲಿ ಮಾಲು ರವಾನಿಸುವ ವಿಭಾಗದ ಕ್ಲಾರ್ಕು, ಅವಳ ಬಾಯಲ್ಲಿ 'ಬಾಯಾರು'. ಅವಳು ಪ್ಯಾಕಿಂಗಿನ ಹಿರಿಯಳು. ಇಳಕಲ್ ಸೀರೆಯ ಮೇಲೆ ಗಂಡನ ಹಳೇ ಖಾಕಿ ಅಂಗಿ, ಹಣೆ ತುಂಬ ಕುಂಕುಮ, ತುಟಿಗಳ ನಡುವೆ ಮೊಳೆಗಳು. ಆ ಮೊಳೆ ಕಚ್ಚಿಕೊಂಡೇ ಬಾಯಿಯ ಒಂದು ಬಾಜುದಿಂದ ಬೈಯುತ್ತಿದ್ದಳು. ಮರಾಠಿ ಹುಡುಗರಿಗೆ ಮರಾಠಿಯಲ್ಲಿ, ನಮಗೆ ಕನ್ನಡದಲ್ಲಿ, ಸಾಹೇಬರಿಗೆ ಎರಡನ್ನೂ ಬೆರೆಸಿ. ದಿನಾ ಖಾನಾಪುರದಾಚೆಯ ಗುಂಜಿಯಿಂದ ರೈಲಿಗೆ ಬರುತ್ತಿದ್ದಳು. ಕುರಿ ಸಾಕಿದ ಮನೆತನ. ಗಂಡ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿದ್ದವನು. ಅಗ್ಗದ ತಗಡಿನ ಶೀಟು ಬಂದು ಅದು ಮುಚ್ಚಿದ ಮೇಲೆ ಮನೆ ಹಿಡಿದು ಕೂತ. ಆ ಮನೆಯ ಒಲೆ ಉರಿಯುತ್ತಿದ್ದದ್ದು ಇವಳ ಒಬ್ಬಳ ದುಡಿಮೆಯಿಂದ.

ಉಡಿಯಿಂದ ಒಮ್ಮೆ ದೊಡ್ಡ ರಾದ್ಧಾಂತವೇ ಆಯಿತು. ಅಮೆರಿಕದ ಬಂದರದಲ್ಲಿ ಪೆಟ್ಟಿಗೆ ಒಡೆದು ನೋಡಿದವರಿಗೆ ಅಕ್ಕಿ ಸಿಕ್ಕಿತು. ಕಾಳಿನ ಜೋಡಿ ಹುಳ ಬಂದೀತು ಅಂತ ಹೆದರಿ ಮಾಲನ್ನು ಹಾಗೇ ಹಿಂದಕ್ಕೆ ಅಟ್ಟಿದರು. ಸಾಹೇಬರು ಕೆಂಡವಾಗಿದ್ದರು. ಮಾಳವ್ವ ಬಾಯೊಳಗಿನ ಮೊಳೆ ತೆಗೆದು ನಿಧಾನಕ್ಕೆ ಕೇಳಿದಳು:

"ಅಕ್ಕಿಗೂ ಅಂಜತಾರೇನ್ರಿ ಅವ್ರು? ಬರೇ ಉಡೀಲೆ ಹೆಂಗ ಕಳಸೂದ್ರಿ ಸಾಹೇಬ್ರ, ಏನ ಮಂದಿ ಅಂದ್ಕೊಂಡಾರು!"

ಸಾಹೇಬರೇ ನಕ್ಕುಬಿಟ್ಟರು. ಆದರೆ ಇನ್ನು ಮುಂದೆ ಒಂದು ಕಾಳೂ ಬೀಳಬಾರದು ಅಂತ ತಾಕೀತು ಮಾಡಿದರು. ಅಂದಿನಿಂದ ಅವಳು ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು, ಪೆಟ್ಟಿಗೆಯ ಸುತ್ತ ನಿವಾಳಿಸಿ, ತಿರುಗಿ ತನ್ನ ಸೆರಗಿಗೇ ಕಟ್ಟಿಕೊಳ್ಳುತ್ತಿದ್ದಳು.

ಆಮೇಲೆ ಅಮೆರಿಕದವರು ನಮ್ಮ ದೇಶದ ಮಾಲಿನ ಮೇಲೆ ಸುಂಕ ಏರಿಸಿದರು. ಮೊಬೈಲಿನಲ್ಲಿ ಓದಿ, ಸಾಹೇಬರು ನೋಡಿಕೊಳ್ಳುತ್ತಾರೆ ಬಿಡು ಅಂದುಕೊಂಡೆ. ಓವರ್‌ಟೈಮು ನಿಂತಿತು. ಭಟ್ಟಿಯನ್ನು ದಿನ ಬಿಟ್ಟು ದಿನ ಹಚ್ಚತೊಡಗಿದರು. ಒಂದು ಮುಂಜಾನೆ ಮರಳಿನ ಅಚ್ಚು ಕಟ್ಟುವ ಗಂಡಸರೆಲ್ಲ ಬ್ರಶ್ಶು ಹಿಡಿದು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಅಡ್ಡಿಯಿಲ್ಲ, ಕಾರ್ಖಾನೆ ಚಂದ ಕಾಣುತ್ತದೆ ಅಂದೆ. ಮಾಳವ್ವ ಬುತ್ತಿ ಬಿಚ್ಚಿದವಳು ರೊಟ್ಟಿ ಮುರಿಯಲೇ ಇಲ್ಲ.

"ಬಾಯಾರ, ಕೆಲಸ ಇಲ್ಲದಾಗ ಮಂದೀನ ಸುಮ್ನ ಕುಂದರ್ಸಬಾರದಂತ ಸುಣ್ಣಾ ಹಚ್ಚಸ್ತಾರ್ರಿ. ನಮ್ಮ ಹಂಚಿನ ಕಾರ್ಖಾನ್ಯಾಗೂ ಹಿಂಗ ಆತು. ಮೊದಲ ಒಳಗಿನ ಗ್ವಾಡಿ. ಆಮ್ಯಾಲೆ ಕಂಪೌಂಡು. ಕಡೀಕ ಗೇಟಿಗೆ ಬಣ್ಣಾ ಹಚ್ಚಿದ್ರು. ಹಸಿ ಬಣ್ಣದ ಮ್ಯಾಲೇನ ಕೀಲಿ ಜಡದ್ರು."

"ಅಯ್ಯ, ಒಳ್ಳೇದು ಮಾತಾಡ" ಅಂತ ಗದರಿಸಿದೆ. ನನ್ನ ಕೈಯೊಳಗಿನ ತುತ್ತೂ ತಣ್ಣಗಾಗಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಪ್ಯಾಟರ್ನುಗಳನ್ನು ಕಳಿಸಿಕೊಡಿ ಎಂದು ಅಮೆರಿಕದ ಗಿರಾಕಿ ಬರೆದ. ಪ್ಯಾಟರ್ನು ಅಂದರೆ ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮಾದರಿ. ನಮ್ಮಲ್ಲೇ ಇದ್ದರೂ ಒಡೆತನ ಗಿರಾಕಿಯದು. ಅದು ಎಲ್ಲಿಗೆ ಹೋಗುತ್ತದೋ ಕೆಲಸವೂ ಅಲ್ಲಿಗೇ. ಈ ಸಲ ಹೋಗಬೇಕಾದದ್ದು ಮೆಕ್ಸಿಕೊದ ಫೌಂಡ್ರಿಗೆ. ಮಾಳವ್ವ ಒಂದೊಂದನ್ನೂ ಒರೆಸಿ, ಸುತ್ತಿ, ಪೆಟ್ಟಿಗೆಯೊಳಗೆ ಮಲಗಿಸಿದಳು. ಅವತ್ತು ಬಾಯಲ್ಲಿ ಮೊಳೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ಮುಚ್ಚಳ ಇಡುವ ಮುಂಚೆ ಅತ್ತಿತ್ತ ನೋಡಿ ಸೆರಗಿನ ಗಂಟು ಬಿಚ್ಚಿ, ಅಕ್ಕಿಯನ್ನೆಲ್ಲ ಒಳಗೆ ಸುರಿದಳು.

"ಏನ ಮಾಡಾಕತ್ತಿ ಮಾಳವ್ವ?"

"ಸುಮ್ನಿರ್ರಿ ಬಾಯಾರ. ಹಿಂದಕ ಇದರಿಂದನ ಅಲ್ಲೇನು ಹೊಳ್ಳಿ ಬಂದಿದ್ದು?"

ಬಾಗಿಲ ಕಡೆ ಒಮ್ಮೆ ನೋಡಿ ಮುಚ್ಚಳದ ಒಂದು ತುದಿ ಹಿಡಿದುಕೊಟ್ಟೆ. ಅವಳು ಮೊಳೆ ಬಡಿಯತೊಡಗಿದಳು, ಖಾಲಿ ಶೆಡ್ಡಿನ ತುಂಬ ಅದೇ ಸಪ್ಪಳ. ಮುಂದೆ ಕೆಲವೇ ದಿನಗಳಲ್ಲಿ ಅಚ್ಚಿನ ವಿಭಾಗದವರನ್ನೂ ಪ್ಯಾಕಿಂಗಿನವರನ್ನೂ ಮನೆಗೆ ಕಳಿಸಿದರು. ಗುಂಜಿ, ಖಾನಾಪುರದಿಂದ ಬರುತ್ತಿದ್ದವರ ಗದ್ದಲ ಒಮ್ಮೆಲೇ ನಿಂತಿತು. ಆಫೀಸಿನಲ್ಲಿ ನಾವು ನಾಲ್ಕು ಮಂದಿ ಉಳಿದೆವು.

ಪೆಟ್ಟಿಗೆ ಎಲ್ಲಿಯೂ ನಿಲ್ಲಲಿಲ್ಲ. ಪ್ಯಾಟರ್ನು ಮುಟ್ಟಿವೆ, ಮೊದಲ ಎರಕ ಚೆನ್ನಾಗಿ ಬಂದಿದೆ ಎಂದು ಆ ಫೌಂಡ್ರಿಯವರು ಫೋಟೋ ಸಮೇತ ಮೇಲ್ ಕಳಿಸಿದ್ದರು. ಅಕ್ಕಿಯ ಮಾತೇ ಇರಲಿಲ್ಲ.

ಮಾಳವ್ವನನ್ನು ಕಡೆಯ ಸಲ ನೋಡಿದ್ದು ಖಾನಾಪುರದ ಸ್ಟೇಷನ್ನಿನಲ್ಲಿ. ಅಕ್ಕನ ಮನೆಗೆಂದು ಕೆಲಸದಿಂದ ನೆಟ್ಟಗೆ ರೈಲು ಹತ್ತಿ ಬಂದಿಳಿದಿದ್ದೆ. ಅವಳು ಸಂತೆ ಮುಗಿಸಿ ಚೀಲ ಹಿಡಿದು ಅದೇ ರೈಲಿಗೆ ಕಾಯುತ್ತಿದ್ದಳು. ಸೊರಗಿದ್ದಳು. ನನ್ನನ್ನು ಕಂಡು ಮುಖ ಅರಳಿಸಿಕೊಂಡು ಬಂದವಳು ಮೊದಲು ಕೇಳಿದ್ದೇ ಅದನ್ನು.

"ಪೆಟ್ಟಿಗಿ ಬಂತೇನ್ರಿ ಬಾಯಾರ?"

"ಇನ್ನೂ ಇಲ್ಲ" ಅಂದೆ. ಮತ್ತೇನು ಹೇಳಲಿ?

"ಬರ್ತೈತ್ರಿ. ಬಂದ ಕೂಡ್ಲೆ ಫೋನ್ ಹಚ್ರಿ, ಬ್ಯಾರೇದವ್ರಿಗೆ ಕೈ ಹಚ್ಚಾಕ ಬಿಡಬ್ಯಾಡ್ರಿ. ನಾನ ಬಂದು ತೆಗೀತೀನಿ."

ಹೇಳುತ್ತ ನನ್ನ ಕೈ ಹಿಡಿದಳು. ಹಿಡಿದವಳು ನನ್ನ ಸೆರಗಿನ ಅಂಚು ನೋಡಿದಳು. ಅಲ್ಲಿ ಹಸಿರು ಬಣ್ಣ ಮೆತ್ತಿತ್ತು. ಹೆಬ್ಬೆರಳಿನಿಂದ ಮುಟ್ಟಿದಳು, ಅವಳ ಬೆರಳಿಗೂ ಹತ್ತಿತು, ಇನ್ನೂ ಹಸಿ.

"ಗೇಟಿಂದೇನ್ರಿ?"

ಹೂಂ ಅಂದೆ. ಹೊರಡುವಾಗ ತಾಗಿತ್ತು, ನಾನು ನೋಡಿಕೊಂಡೇ ಇರಲಿಲ್ಲ.

ಮಾಳವ್ವ ಪ್ಲಾಟ್‌ಫಾರ್ಮಿನ ಮೇಲೇ ಕುಕ್ಕರಗಾಲಲ್ಲಿ ಕೂತು ಸಂತೆಯ ಚೀಲದ ಬಾಯಿ ಬಿಚ್ಚಿದಳು. ರೈಲು ಕೂಗಿತು, ಜನ ನೂಕಾಡುತ್ತಿದ್ದರು. ಅವಳಿಗೆ ಅವಸರವಿರಲಿಲ್ಲ.

"ಸೆರಗ ಹಿಡೀರಿ ಬಾಯಾರ" ಅಂದು, ಒಂದು ಹಿಡಿ ಅಕ್ಕಿ ಹಾಕಿದಳು.