ಹಲ್ಲಿನ ಡಾಕ್ಟರನ್ನು ಅಪ್ಪ ಸೋಲಿಸಿದ್ದು

ಹಲ್ಲಿನ ಡಾಕ್ಟರು ಅಂಗೈಯಿಂದ ಬಾಯಿ ಮುಚ್ಚಿಕೊಂಡದ್ದನ್ನು ನಾನು ನಿಜವಾಗಿ ಕಂಡೆನೋ ಇಲ್ಲವೋ, ಹೇಳಲಾರೆ. ಕಣ್ಣು ಮುಚ್ಚಿದರೆ ಆ ಕೈ ಬರುತ್ತದೆ. ಉಗುರಿನ ಬುಡದಲ್ಲಿ ಬಿಳಿ ಪುಡಿ, ಬೆರಳಿಗೆ ಲವಂಗದೆಣ್ಣೆಯ ವಾಸನೆ. ಆದರೆ ನಾನು ಕೂತಿದ್ದದ್ದು ಬಾಗಿಲ ಪಕ್ಕದ ಬೆಂಚಿನಲ್ಲಿ. ಅಲ್ಲಿಂದ ಉಗುರಿನ ಬುಡ ಕಾಣುವ ಹಾಗಿಲ್ಲ. ಬೆರಳಿನ ವಾಸನೆ ಬರುವ ಹಾಗಂತೂ ಮೊದಲೇ ಇಲ್ಲ. ಅಂದರೆ ಆ ಕೈ ನನ್ನ ನೆನಪಿನದ್ದಲ್ಲ, ಅಪ್ಪನ ಮಾತಿನದ್ದು. ಆ ದಿನದ ಕತೆಯನ್ನು ಅವರು ಎಷ್ಟು ಸಲ, ಎಷ್ಟು ಚೆನ್ನಾಗಿ ಹೇಳಿದರೆಂದರೆ, ಅಲ್ಲೇ ಇದ್ದ ನನಗೆ ನಾನು ಕಂಡದ್ದೇ ಕಳೆದುಹೋಗಿದೆ. ಇದಕ್ಕಾಗಿ ಅವರನ್ನು ನಾನಿನ್ನೂ ಕ್ಷಮಿಸಿಲ್ಲ.

ಅಪ್ಪನಿಗೆ ಕುಂಬಳೆ ಪೇಟೆಯಲ್ಲಿ ಜವಳಿ ಅಂಗಡಿಯಿತ್ತು. ಊರಿನ ಮಟ್ಟಿಗೆ ಮಾತ್ರ ಅವರು ಅಂಗಡಿಯವರಲ್ಲ, ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಇಬ್ಬರು ಅದರ ಅರ್ಥವನ್ನು ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ ಹೇಳುತ್ತಾ ವಾದಕ್ಕೆ ಬೀಳುತ್ತಾರೆ. ಅಪ್ಪನಿಗೆ ಹೆಸರು ತಂದದ್ದು ಸಂಧಾನಕ್ಕೆ ಬಂದವನನ್ನು ಬರಿಗೈಯಲ್ಲಿ ಹಿಂದೆ ಕಳಿಸುವ ಪಾತ್ರ. ಆ ಕೂಟಗಳಲ್ಲಿ ಯಾರೂ ಬರೆದಿಡದ ಒಂದು ನಿಯಮವಿತ್ತು: ಎದುರಿನವ ಪ್ರಶ್ನೆ ಹಾಕಿದಾಗ ಸುಮ್ಮನಾದವ ಸೋತ. ಸರಿಯಾದ ಉತ್ತರವೇ ಆಗಬೇಕೆಂದಿಲ್ಲ, ಉತ್ತರ ಇದ್ದರಾಯಿತು. ನಮ್ಮ ಮನೆಯಲ್ಲೂ ಅದೇ ಕಾನೂನು. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂಬುದಕ್ಕೂ ನಮ್ಮಲ್ಲಿ ವಾದ ನಡೆಯುತ್ತಿತ್ತು, ಗೆಲ್ಲುತ್ತಿದ್ದವರು ಮಾತ್ರ ಯಾವಾಗಲೂ ಒಬ್ಬರೇ.

ವರ್ಷ ಯಾವುದೆಂಬುದೂ ಖಚಿತವಿಲ್ಲ. ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಬಂದು, ಕೆಲಸವಿಲ್ಲದೆ, ಯಾವುದನ್ನೂ ನಂಬದೆ, ಕೂತಲ್ಲಿ ಕೂರಲಾಗದೆ ತಿರುಗುತ್ತಿದ್ದೆ. "ಮದ್ರಾಸಿಂದ ಎರಡಕ್ಷರ ತಂದಿದ್ದಾನೆ, ಹೆಸರಿನ ಹಿಂದೆ ಅಂಟಿಸ್ಲಿಕ್ಕೆ. ಗೋಂದು ಸಿಕ್ಲಿಲ್ಲವಂತೆ," ಎಂದು ಅಪ್ಪ ಅಂಗಡಿಗೆ ಬಂದವರಿಗೆ ನನ್ನನ್ನು ಪರಿಚಯಿಸುತ್ತಿದ್ದರು.

ಅವರ ಎಡಗಡೆಯ ಕೆಳದವಡೆಯ ಒಂದು ಹಲ್ಲು ಕೊಳೆತುಹೋಗಿತ್ತು. ಒಸಡಿನಲ್ಲಿ ಕೀವು. ಪಕ್ಕದಲ್ಲಿ ಕೂತು ಊಟ ಮಾಡುವುದು ಕಷ್ಟವಾಗಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಮೊಗ್ರಾಲಿನ ಶಾಲೆಯಲ್ಲಿ ಒಂದು ದೊಡ್ಡ ಕೂಟ ನಿಗದಿಯಾಗಿತ್ತು. ಅಪ್ಪನ ಎದುರು ಕೂರುವವನು ಮಂಗಳೂರಿನ ಕಡೆಯ ಒಬ್ಬ ಹಳೇ ವೈರಿ. ಹಿಂದಿನ ವರ್ಷ ಸಭೆಯ ನಡುವೆ ಅವನು ಅಪ್ಪನ ಮಾತಿಗೆ "ಹಲ್ಲು ಕಿತ್ತ ಹಾವು, ಬುಸುಗುಡುವುದಕ್ಕೆ ಕಡಿಮೆಯಿಲ್ಲ" ಅಂದಿದ್ದ, ಜನ ನಕ್ಕಿದ್ದರು. ಆ ನಗೆಗೆ ಉತ್ತರ ಕೊಡಲು ಬಾಯಿ ಸರಿಯಿರಬೇಕು. ಅಪ್ಪನಿಗೆ ಬೇಕಾದದ್ದು ಅಷ್ಟೇ. ಅದಕ್ಕಿಂತ ದೊಡ್ಡದು ಅವರ ಬದುಕಿನಲ್ಲಿ ಏನೂ ಇರಲಿಲ್ಲ, ನಮ್ಮನ್ನೂ ಸೇರಿಸಿ.

ಕಾಸರಗೋಡಿನಲ್ಲಿ ಸ್ಟೇಷನ್ ಹತ್ತಿರದ ಒಂದು ಮಾಳಿಗೆಗೆ ಮಂಗಳೂರಿನಿಂದ ಶನಿವಾರದ ರೈಲಿಗೆ ಒಬ್ಬರು ಹಲ್ಲಿನ ಡಾಕ್ಟರು ಬರುತ್ತಿದ್ದರು. ಬೊಂಬಾಯಿಯಲ್ಲಿ ಕಲಿತವರಂತೆ. ಅಮ್ಮ ಅತ್ತು, ನಾನು ರೇಗಿ, ಕೊನೆಗೆ ಅಪ್ಪ ಹೊರಟರು. ಜರಿಯಂಚಿನ ಶಾಲು ಹೊದ್ದಿದ್ದರು. ಅದು ಅವರು ಕೂಟಕ್ಕೆ ಹೊದೆಯುವ ಶಾಲು. ಅದನ್ನು ನೋಡಿದಾಗಲೇ ನನಗೆ ಅರ್ಥವಾಗಬೇಕಿತ್ತು.

ಬೆಂಚಿನಲ್ಲಿ ನನ್ನ ಪಕ್ಕ ಮೊಗ್ರಾಲಿನ ಒಬ್ಬ ಬ್ಯಾರಿ, ಮೀನಿನ ವ್ಯಾಪಾರದವರು, ಊದಿದ ಕೆನ್ನೆಗೆ ತಲೆವಸ್ತ್ರ ಕಟ್ಟಿಕೊಂಡು ಕೂತಿದ್ದರು. ಅವರಾಚೆ ಇನ್ನೂ ಕೆಲವರು. ಒಟ್ಟಿನಲ್ಲಿ ಒಂದು ಸಭೆ.

ಡಾಕ್ಟರು ಸಣ್ಣ ಕನ್ನಡಿ ಹಾಕಿ ನೋಡಿ, "ಈ ದವಡೆ ಹಲ್ಲು ಇವತ್ತೇ ತೆಗೀಬೇಕು. ಅದರ ಮುಂದಿಂದು ಎರಡು ಅಲ್ಲಾಡ್ತಾ ಉಂಟು, ಅದೂ ಹೋಗ್ಬೇಕು. ಬಾಯಿ ತೆರೀರಿ," ಎಂದರು.

ಅಪ್ಪ ಬಾಯಿ ತೆರೆದರು, ಮಾತಾಡಲಿಕ್ಕೆ.

"ಹಲ್ಲು ಕಿತ್ತರೆ ಕಣ್ಣು ಮಂಜಾಗ್ತದೆ ಅಂತ ಹೇಳ್ತಾರಲ್ಲ ಡಾಕ್ಟ್ರೆ, ಅದಕ್ಕೆ ನಿಮ್ಮ ಉತ್ತರ ಎಂತ?"

"ಆಗುದಿಲ್ಲ. ಕಣ್ಣಿನ ನರ ಬೇರೆ, ಹಲ್ಲಿನ ನರ ಬೇರೆ. ಪ್ರಾಯ ಆದಾಗ ಹಲ್ಲೂ ಹೋಗ್ತದೆ, ಕಣ್ಣೂ ಹೋಗ್ತದೆ. ಜನ ಎರಡಕ್ಕೂ ಗಂಟು ಹಾಕ್ತಾರೆ."

"ಒಂದೇ ತಲೆಯೊಳಗೆ ಇಷ್ಟು ವರ್ಷ ಬಿಡಾರ ಮಾಡಿ, ಒಬ್ಬರಿಗೊಬ್ಬರ ಪರಿಚಯ ಇಲ್ಲವೋ?"

ಬೆಂಚು ನಕ್ಕಿತು. ಅಲ್ಲಿಗೆ ಕೆಲಸ ಕೆಟ್ಟಿತು. ನಕ್ಕ ಸಭೆಯನ್ನು ಬಿಟ್ಟು ಏಳುವ ಶಕ್ತಿ ಅಪ್ಪನಿಗಿರಲಿಲ್ಲ.

ಹಲ್ಲಿನ ಹುಳದ ವಿಷಯ ಬಂತು. ನೆಲಗುಳ್ಳದ ಬೀಜ ಸುಟ್ಟು ಬಾಯಿಗೆ ಹೊಗೆ ಹಿಡಿಸಿದರೆ ಹುಳ ಕೆಳಗಿಟ್ಟ ನೀರಿಗೆ ಬೀಳುವುದನ್ನು ತಾನೇ ಕಂಡಿದ್ದೇನೆ ಎಂದರು ಅಪ್ಪ. "ಅದು ಹುಳ ಅಲ್ಲ, ಬೀಜದೊಳಗಿನ ಮೊಳಕೆ," ಎಂದರು ಡಾಕ್ಟರು. "ಹಲ್ಲು ನೋವೇ ಇಲ್ಲದವನಿಗೆ ಹೊಗೆ ಹಿಡಿಸಿ ನೋಡಿ, ಅವನಿಗೂ ಬೀಳ್ತದೆ." ಪರೀಕ್ಷಿಸಿ ನೋಡಬಹುದಾದ ಮಾತು, ನನಗೆ ಹಿಡಿಸಿತು. ಅಪ್ಪ ಅದನ್ನು ಕೇಳಿಸಿಕೊಳ್ಳದವರಂತೆ ಮಾವಿನ ಎಲೆಗೆ ಹಾರಿದರು.

"ನಮ್ಮ ಅಜ್ಜ ಹಲ್ಲು ತಿಕ್ಲಿಕ್ಕೆ ಮಾವಿನ ಎಲೆ, ಉಮಿಕರಿ ಬಿಟ್ಟು ಬೇರೆ ಮುಟ್ಟಿದವರಲ್ಲ. ಸಾಯುವಾಗ ಒಂದು ಹಲ್ಲು ಬಿದ್ದಿರಲಿಲ್ಲ."

"ಸಾಯುವಾಗ ಎಷ್ಟು ಪ್ರಾಯ?"

"ನಲವತ್ತರ ಹತ್ತಿರ."

"ಹಾಗಾದ್ರೆ ಹಲ್ಲಿಗೆ ಬೀಳ್ಲಿಕ್ಕೆ ಪುರುಸೊತ್ತು ಸಿಕ್ಲಿಲ್ಲ."

ಈ ಸಲ ಬೆಂಚು ಡಾಕ್ಟರ ಪರವಾಗಿ ನಕ್ಕಿತು. ಅಪ್ಪನ ಕುತ್ತಿಗೆ ಕೆಂಪಾಯಿತು. ಒಂದು ಕಿತ್ತರೆ ಪಕ್ಕದ್ದು ಸಡಿಲವಾಗುವುದಿಲ್ಲವೇ ಎಂದರು. ಪಕ್ಕದ್ದು ಸಡಿಲವಾದದ್ದು ಗೆಳೆಯ ಹೋದ ದುಃಖಕ್ಕಲ್ಲ, ಅದೇ ಕೀವಿಗೆ ಎಂದು ಉತ್ತರ ಬಂತು. ಕೊನೆಗೆ ಅಪ್ಪ ನಿಜವಾಗಿ ಕೇಳಬೇಕಾದದ್ದನ್ನು ಕೇಳಿದರು. ಆಗ ಸ್ವರ ತಗ್ಗಿತ್ತು. ಈ ಒಂದು ನೆನಪು ನನ್ನದೇ ಎಂದುಕೊಂಡಿದ್ದೇನೆ, ಏಕೆಂದರೆ ಅಪ್ಪನ ಕತೆಯಲ್ಲಿ ಇದಿಲ್ಲ.

"ಆಮೇಲೆ ಮಾತು? ಸ, ಶ, ಎಲ್ಲ ಸರಿ ಬರ್ತದಾ?"

"ದವಡೆ ಹಲ್ಲಿಗೂ ಅದಕ್ಕೂ ಸಂಬಂಧ ಇಲ್ಲ. ಎದುರಿನ ಹಲ್ಲು ಉಳೀತಾವೆ. ಮುಂದೆ ಅವೂ ಹೋದ್ರೆ ಕಟ್ಟಿಸಿದ ಹಲ್ಲು ಹಾಕುವ. ಸುರುವಿಗೆ ತೊದಲ್ತದೆ, ನಾಲಗೆ ಕಲೀತದೆ."

"ತೊದಲ್ತದೆ" ಎಂಬ ಒಂದು ಶಬ್ದ ಸಾಕಾಯಿತು. ಅಪ್ಪ ನನ್ನ ಕಡೆ ತಿರುಗಿ, "ನೀನು ಎಂತ ಹೇಳ್ತಿ? ಓದಿದವ ಅಲ್ಲವಾ," ಎಂದರು.

"ತೆಗೆಸಿ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ."

"ನೀನೂ ಆ ಪಕ್ಷವೋ! ಆಗ್ಲಿ." ಶಾಲು ಸರಿಮಾಡಿಕೊಂಡು, ಕೂಟದ ಸ್ವರದಲ್ಲಿ ಅಪ್ಪ ಕೊನೆಯ ಬಾಣ ಬಿಟ್ಟರು. "ಡಾಕ್ಟ್ರೆ, ಊರಿನವರ ಹಲ್ಲೆಲ್ಲ ಕೀಳುವವರು ನೀವು. ನಿಮ್ಮ ಬಾಯಲ್ಲಿ ಇರುವುದು ನಿಮ್ಮದೇ ಹಲ್ಲಾ, ಅಲ್ಲ ಕಟ್ಟಿಸಿದ್ದಾ?"

ಡಾಕ್ಟರು ಉತ್ತರ ಕೊಡಲಿಲ್ಲ.

ಇಷ್ಟು ಖಂಡಿತ. ಕೈ ಬಾಯಿಗೆ ಹೋಯಿತೋ ಇಲ್ಲವೋ ಗೊತ್ತಿಲ್ಲ, ಉತ್ತರ ಬರಲಿಲ್ಲ. ಅವರು ಇಕ್ಕಳವನ್ನು ತಟ್ಟೆಗೆ ಹಾಕಿ, "ಮುಂದಿನವರು ಬನ್ನಿ," ಎಂದರು. ಕೂಟದ ಲೆಕ್ಕದಲ್ಲಿ ಅದು ಸೋಲು. ಅಪ್ಪ ಎದ್ದು ಸಭೆಗೆ ಕೈಮುಗಿದರು. ಮೀನಿನ ಬ್ಯಾರಿ ತಲೆವಸ್ತ್ರ ಬಿಚ್ಚುತ್ತಾ ಕುರ್ಚಿಯ ಕಡೆ ನಡೆದರು.

"ಡಾಕ್ಟ್ರೆ, ನೀವು ಸೋತ್ರಿ. ಇನ್ನು ನನ್ನದು ತೆಗೀರಿ ಮಾರಾಯ್ರೆ. ನನ್ನ ಹತ್ರ ಪ್ರಶ್ನೆ ಗಿಶ್ನೆ ಎಂತ ಇಲ್ಲ, ನೋವು ಮಾತ್ರ ಉಂಟು."

ನಾವು ಮೆಟ್ಟಲಿಳಿಯುವಾಗ ಡಾಕ್ಟರು ಒಳಗಿನಿಂದ, "ಹೊರಗಿಂದ ಶಾಖ ಕೊಡ್ಬೇಡಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿ," ಎಂದು ಕೂಗಿದರು. ನನ್ನ ನೆನಪಿನಲ್ಲಿ ಹಾಗಿದೆ. ಅಪ್ಪ ಅಂಥ ಮಾತೇ ಇರಲಿಲ್ಲ ಎಂದು ಕೊನೆಯವರೆಗೂ ಹೇಳಿದರು. ಮುಂದೆ ಮಂಗಳೂರಿನ ಆಸ್ಪತ್ರೆಯಲ್ಲಿ ಇನ್ನೊಬ್ಬರು ಹೇಳಿದ್ದನ್ನು ನಾನೇ ಇಲ್ಲಿಗೆ ತಂದು ಅಂಟಿಸಿರಬಹುದು. ಅಪ್ಪನ ಕತೆಯನ್ನು ಸಂಶಯಿಸುವವ ನನ್ನದನ್ನು ಹೇಗೆ ಬಿಡಲಿ?

ಹಿಂದಿರುಗುವ ರೈಲಿನಲ್ಲೇ ಕತೆ ಸುರುವಾಯಿತು. ಎದುರಿನ ಸೀಟಿನವರು ಹೊಸ ಸಭೆ. ಡಾಕ್ಟರ ಚಿಕ್ಕ ಚಿಕ್ಕ, ಬೇಸತ್ತ ಉತ್ತರಗಳು ಉದ್ದವಾಗತೊಡಗಿದವು, ಉದ್ದವಾದಷ್ಟೂ ದಡ್ಡವಾದವು. ಅಜ್ಜನ ಪ್ರಾಯದ ಮಾತು ಬಿದ್ದೇಹೋಯಿತು. ಕುಂಬಳೆ ಸ್ಟೇಷನ್ ಬರುವಷ್ಟರಲ್ಲಿ ಡಾಕ್ಟರು ಬೆವರಿದ್ದರು, ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು. "ಹಾಗೆಲ್ಲ ಆಗ್ಲಿಲ್ಲ," ಎಂದೆ ನಾನು. "ನೀನು ನೋಡಿದ್ದು ಎಂತ, ಮದ್ರಾಸಿನ ಕಣ್ಣಲ್ಲಿ?" ಎಂದರು. ಸೀಟಿನವರು ನಕ್ಕರು.

ಕೂಟ ಹತ್ತಿರ ಬಂದ ಹಾಗೆ ದವಡೆ ಊದಿತು. ಅಪ್ಪ ಬಿಸಿ ಉಪ್ಪಿನ ಗಂಟು ಒತ್ತಿಸಿಕೊಂಡರು. ಅಮ್ಮ ಗಂಟು ಬಿಸಿ ಮಾಡುವುದು, ನಾನು ಬೇಡವೆನ್ನುವುದು, ಅಪ್ಪ ಊದಿದ ಬಾಯಲ್ಲೇ ನನ್ನನ್ನು ಬೈಯುವುದು, ಇಷ್ಟೇ ಮನೆಯ ಸದ್ದಾಯಿತು. ಕೀವು ಒಳಗೆ ಒಡೆಯುವ ಬದಲು ಗಲ್ಲದ ಕೆಳಗೆ ಹೊರಕ್ಕೆ ಒಡೆಯಿತು. ಜ್ವರ ಏರಿ ಬಡಬಡಿಸತೊಡಗಿದಾಗ ಮಂಗಳೂರಿಗೆ ಒಯ್ದು ಕೊಯ್ಯಿಸಿದೆವು. ಹಲ್ಲುಗಳೂ ಅಲ್ಲೇ ಹೋದವು, ಯಾರೂ ಅವರನ್ನು ಕೇಳಲಿಲ್ಲ. ಜೀವ ಉಳಿಯಿತು. ದವಡೆಯ ಸ್ನಾಯು ಬಿಗಿದು, ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯಿತು. ಅನ್ನವನ್ನು ಹಿಸುಕಿ ತಳ್ಳಬೇಕಾಗುತ್ತಿತ್ತು.

ಮೊಗ್ರಾಲಿನ ಕೂಟ ಮಧ್ಯಾಹ್ನದ ಮೇಲೆ ಅವರಿಲ್ಲದೆ ನಡೆಯಿತು. ನಾನು ಹೋಗಿದ್ದೆ, ಏಕೆ ಹೋದೆನೋ. ವೈರಿ ಖಾಲಿ ಜಾಗವನ್ನು ನೋಡಿ, "ಎದುರು ಯಾರೂ ಇಲ್ಲದಿದ್ರೆ ಗೆಲ್ಲುವುದು ಎಂತ ಸುಲಭ!" ಎಂದ. ಹೊಗಳಿಕೆಯೋ ಕುಹಕವೋ ಎಂದು ಆಗ ನಿರ್ಧರಿಸಲಾಗಲಿಲ್ಲ, ಈಗಲೂ ಆಗುವುದಿಲ್ಲ. ನಾನು ಮನೆಗೆ ಬಂದು ಅದನ್ನು ಇದ್ದ ಹಾಗೆ ಹೇಳಿದೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಅವರು ಮತ್ತೆ ಕೂಟದಲ್ಲಿ ಕೂರಲಿಲ್ಲ. ಆದರೆ ಡಾಕ್ಟರ ಕತೆ ನಿಲ್ಲಲಿಲ್ಲ. ಅಂಗಡಿಯಲ್ಲಿ ಬಟ್ಟೆ ಹರಿಯುತ್ತಾ, ಬೆರಳಗಲದ ಬಾಯಿಯಿಂದ, ಅರ್ಧ ಅಕ್ಷರಗಳಲ್ಲಿ ಅದನ್ನು ಹೇಳುತ್ತಿದ್ದರು. ಗೊತ್ತಿದ್ದ ಕತೆಯಾದ್ದರಿಂದ ಜನಕ್ಕೆ ಅರ್ಥವಾಗುತ್ತಿತ್ತು. ಕೊನೆಯಲ್ಲಿ ಅಂಗೈಯನ್ನು ಬಾಯಿಯ ಮೇಲಿಟ್ಟು ತೋರಿಸುತ್ತಿದ್ದರು. "ಬಾಡಿಗೆ ಹಲ್ಲಿನವ. ಒಂದು ಪ್ರಶ್ನೆಗೆ ಬಿದ್ದ." ನೋಡುತ್ತಾ ನೋಡುತ್ತಾ ನನಗೆ ಯಾರ ಕೈ ಯಾವುದೆಂಬುದು ಕಲಸಿಹೋಯಿತು. ಒಮ್ಮೆ ತಡೆಯಲಾರದೆ, "ನೀವು ಗೆದ್ದದ್ದಾದರೆ ಬಾಯಿ ತೆರೆದು ತೋರಿಸಿ," ಎಂದೆ. ಅಮ್ಮ ನನ್ನನ್ನು ಹೊರಗೆ ಕಳಿಸಿದರು.

ಅಪ್ಪ ಹೋದ ಮೇಲೆ, ನಮ್ಮೂರು ಮದ್ರಾಸು ರಾಜ್ಯ ಬಿಟ್ಟು ಕೇರಳಕ್ಕೆ ಸೇರಿದ ಹೊತ್ತಿಗೆ, ನಾನು ಆ ಡಾಕ್ಟರನ್ನು ಹುಡುಕಿಕೊಂಡು ಮಂಗಳೂರಿಗೆ ಹೋದೆ. ತಲೆ ನರೆತಿತ್ತು, ಇನ್ನೂ ಕೆಲಸ ಮಾಡುತ್ತಿದ್ದರು. ಅಪ್ಪನ ಶಾಲು, ಪ್ರಶ್ನೆ, ಬೆಂಚು, ಎಲ್ಲ ವಿವರಿಸಿದೆ.

"ನೆನಪಿಲ್ಲ," ಎಂದರು. "ಅಂಥವರು ವಾರಕ್ಕೊಬ್ಬರು ಬರ್ತಾರೆ. ಮೀನಿನ ಬ್ಯಾರಿ ನೆನಪುಂಟು. ನನ್ನ ಬೆರಳು ಕಚ್ಚಿದ್ದ."

"ಅವತ್ತು ನೀವು ಕೈಯಿಂದ ಬಾಯಿ ಮುಚ್ಚಿಕೊಂಡಿರಾ?"

"ಯಾರಿಗೆ ಗೊತ್ತು? ನಿಮಗೆ ಹಲ್ಲು ನೋವುಂಟಾ, ಇಲ್ಲವಾ?"

"ಇಲ್ಲ. ಉತ್ತರ ಯಾಕೆ ಕೊಡ್ಲಿಲ್ಲ ಅಂತ ಕೇಳ್ಲಿಕ್ಕೆ ಬಂದೆ."

"ವಾದ ಮಾಡ್ಲಿಕ್ಕೆ ನಾನು ರೈಲು ಹತ್ತಿ ಬರ್ತಾ ಇದ್ದದ್ದಲ್ಲ. ಹಲ್ಲು ಅವರದ್ದು, ಬೇಡದಿದ್ರೆ ಬೇಡ." ಅವರಿಗೆ ಸಿಟ್ಟು ಬಂದಿತ್ತು. "ಈಗ ನಿಮಗೂ ಅದೇ ಸಂಶಯವಾ? ಹೋಗಿ ಕೈ ತೊಳ್ಕೊಂಡು ಬನ್ನಿ."

ಮೂಲೆಯ ಬೇಸಿನ್ನಿನಲ್ಲಿ ಸೋಪು ಹಾಕಿ ಕೈ ತೊಳೆದೆ. ಅವರು ರೋಗಿಯ ಕುರ್ಚಿಯಲ್ಲಿ ತಾವೇ ಕೂತು, ದೀಪವನ್ನು ಮುಖಕ್ಕೆ ಎಳೆದುಕೊಂಡು ಬಾಯಿ ತೆರೆದರು. ನಾನು ಬೆರಳು ಹಾಕಿ ಮೇಲಿನ ಸಾಲು, ಕೆಳಗಿನ ಸಾಲು, ಒಂದೊಂದನ್ನೂ ಹಿಡಿದು ಅಲ್ಲಾಡಿಸಿ ನೋಡಿದೆ. ಚಹಾದ ಕಲೆ ಹಿಡಿದ ಹಳೇ ಹಲ್ಲುಗಳು. ಯಾವುದೂ ಕಟ್ಟಿಸಿದ್ದಲ್ಲ. ಎಲ್ಲ ಬೇರು ಬಿಟ್ಟವು, ಅವರದ್ದೇ.