ಟೀಚರ್ ಅಪ್ಪಂದಿರನ್ನು ಕರೆಸಿದ ಶನಿವಾರ

ನಾನು ಚಿಕ್ಕವಳಿದ್ದಾಗ ಒಂದು ಚಳಿಗಾಲದಲ್ಲಿ ನಮ್ಮ ಮನೆಯ ಕಿಟಕಿ ಗಾಜುಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಆಗ ಯುದ್ಧ ನಡೆಯುತ್ತಿತ್ತು. ನಾವಿದ್ದದ್ದು ವಿಮಾನಪುರದ ಕ್ವಾರ್ಟರ್ಸಿನಲ್ಲಿ. ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ರಾತ್ರಿ ನಮ್ಮ ದೀಪಗಳು ಮೇಲಿನಿಂದ ಯಾರ ಕಣ್ಣಿಗೂ ಬೀಳಬಾರದು ಎಂದು ಆ ಕಾಗದ. ಅಮ್ಮ ಮೈದಾ ಹಿಟ್ಟಿನ ಅಂಟು ಕಾಯಿಸಿ ಹಚ್ಚಿದ್ದಳು, ಆಮೇಲೆ ಆ ಅಂಟಿಗೆ ಜಿರಲೆ ಬರುತ್ತವೆ ಎಂದು ಗೊಣಗುತ್ತಿದ್ದಳು. ಹಗಲಿನಲ್ಲೂ ಮನೆಯೊಳಗೆ ಮಬ್ಬು. ಆ ಮಬ್ಬಿನಲ್ಲಿ ಅವರೆಕಾಳು ಬೇಯುವ ವಾಸನೆ ಮೂಲೆಮೂಲೆಗೂ ತುಂಬಿಕೊಂಡಿರುತ್ತಿತ್ತು. ಬಸ್ಸುಗಳ ಹೆಡ್‌ಲೈಟಿಗೂ ಅರ್ಧ ಕರಿ ಬಣ್ಣ ಬಳಿದಿದ್ದರು. ಅವು ನಿದ್ದೆಗಣ್ಣಿನಲ್ಲಿ ಬರುತ್ತಿವೆಯೇನೋ ಅನ್ನಿಸುತ್ತಿತ್ತು.

ದೊಡ್ಡವರೆಲ್ಲ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲ ಅದು. ಹೊಸ ಮುಖ ಕಂಡರೆ ನಿಂತು ನೋಡುತ್ತಿದ್ದರು. ನಮ್ಮ ಸಾಲಿಗೆ ವರ್ಷಗಳಿಂದ ಬರುತ್ತಿದ್ದ ಚಾಕು ಸಾಣೆ ಹಿಡಿಯುವವನನ್ನೂ ಬಿಡಲಿಲ್ಲ. ಊರು ಯಾವುದು, ಇಲ್ಲಿಂದ ಎಲ್ಲಿಗೆ ಹೋಗುತ್ತೀಯ, ಚೀಲದಲ್ಲೇನಿದೆ ಎಂದು ಮನೆಮನೆಯಲ್ಲೂ ಕೇಳಿದರು. ಪಾಪ, ಅವನು ಬರುವುದನ್ನೇ ಬಿಟ್ಟ.

ಅಪ್ಪ ಮನೆಯಲ್ಲಿ ಕೆಲಸದ ಮಾತೇ ಎತ್ತುತ್ತಿರಲಿಲ್ಲ. ಯುದ್ಧಕ್ಕೆ ಮೊದಲೂ ಹಾಗೇ. ಅಂಗಿಯಿಂದ ಎಣ್ಣೆಯ ವಾಸನೆ ಬರುತ್ತಿತ್ತು, ಉಗುರಿನ ಸಂದಿಯಲ್ಲಿ ಕರಿ ಗೆರೆ ಇರುತ್ತಿತ್ತು. ಅದನ್ನು ಬಿಟ್ಟರೆ ಅಪ್ಪ ಅಲ್ಲಿ ಏನು ಮಾಡುತ್ತಾನೆಂದು ನನಗಾಗಲಿ ಅಕ್ಕನಿಗಾಗಲಿ ಗೊತ್ತಿರಲಿಲ್ಲ. ಕೇಳಿದರೆ, "ಕೆಲಸ ಅಂದ್ರೆ ಕೆಲಸ. ಊಟ ಮಾಡು" ಅನ್ನುತ್ತಿದ್ದ.

ಆ ವರ್ಷ ನಮ್ಮ ಶಾಲೆಗೆ ಹೊಸ ಟೀಚರ್ ಬಂದಿದ್ದರು. ಹಲಸೂರಿನಲ್ಲಿ ಒಂದು ರೂಮು ಮಾಡಿಕೊಂಡು ಒಬ್ಬರೇ ಇದ್ದರು. ಬಿಸಿಲಿರಲಿ ಚಳಿಯಿರಲಿ, ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಬಸ್ಸಿಳಿಯುತ್ತಿದ್ದರು. ಅವರ ಊರು ಧಾರವಾಡದ ಕಡೆ. ಅವರಾಡುವ ಕನ್ನಡ ನಮ್ಮದರ ಹಾಗಿರಲಿಲ್ಲ, ಎಳೆದೆಳೆದು ಹಾಡಿದ ಹಾಗಿತ್ತು. ನಮಗೆ ಅದೇ ಚೆಂದ. ದೊಡ್ಡವರು ಮಾತ್ರ, "ಈಯಮ್ಮ ಎಲ್ಲಿಯವರೋ ಏನೋ" ಅನ್ನುತ್ತಿದ್ದರು.

ಟೀಚರ್ ನಮ್ಮನ್ನು ಬೆಂಚಿನ ಮೇಲೆ ಕೂರಿಸಿ ಬರೀ ಮಗ್ಗಿ ಒಪ್ಪಿಸಿಕೊಳ್ಳುತ್ತಿರಲಿಲ್ಲ. ಹುಣಸೆ ಬೀಜಗಳಲ್ಲಿ ಲೆಕ್ಕ ಮಾಡಿಸುತ್ತಿದ್ದರು. ಬೆಳಿಗ್ಗೆ ಮೊದಲು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುತ್ತಿದ್ದರು. ಏನೇನು ಕೇಳಿಸಿತು ಎಂದು ಒಬ್ಬೊಬ್ಬರೂ ಹೇಳಬೇಕು. ಆಮೇಲೆ ಕಣ್ಣು ಬಿಟ್ಟು ಆಕಾಶ ನೋಡಬೇಕು. ಕಂಡದ್ದರ ಚಿತ್ರವನ್ನು ಗೋಡೆಯ ಮೇಲಿನ ದೊಡ್ಡ ಕಂದು ಹಾಳೆಯಲ್ಲಿ ಬಿಡಿಸಬೇಕು. ಮೋಡ, ಕಾಗೆ, ಹದ್ದು, ಗೊರವಂಕ. ನಮ್ಮದು ವಿಮಾನಪುರ ತಾನೇ, ಹದ್ದಿಗಿಂತ ಹೆಚ್ಚು ಹಾರುತ್ತಿದ್ದದ್ದು ವಿಮಾನ. ಅವನ್ನೂ ಬಿಡಿಸಿದೆವು.

ಅವರದು ಇನ್ನೊಂದು ಹೊಸ ಪದ್ಧತಿ. ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಅಪ್ಪ ಅಮ್ಮಂದಿರು ಬಂದು ಕೂರಬೇಕು, ಮಕ್ಕಳು ಏನು ಕಲಿತಿದ್ದಾರೆ ಎಂದು ಟೀಚರ್ ತಿಳಿಸುತ್ತಾರೆ ಎಂದು ಎಲ್ಲರ ಮನೆಗೂ ನಮ್ಮ ಬಾಯಲ್ಲಿ ಹೇಳಿಕಳಿಸಿದರು. ಆಗೆಲ್ಲ ಶಾಲೆಯಿಂದ ಕರೆ ಬಂತೆಂದರೆ ಮಗು ಯಾರಿಗೋ ಹೊಡೆದಿರಬೇಕು, ಇಲ್ಲವೇ ಫೇಲಾಗಿರಬೇಕು. ತಪ್ಪೇ ಇಲ್ಲದೆ ಯಾಕೆ ಕರೆಯುತ್ತಾರೆ? ಅಮ್ಮ ನನ್ನ ಮುಖವನ್ನೇ ನೋಡಿ, "ಏನ್ ಮಾಡಿದ್ದೀಯ, ಈಗ್ಲೇ ಹೇಳ್ಬಿಡು" ಅಂದಳು. ನಾನು ಏನೂ ಮಾಡಿಲ್ಲವೆಂದರೂ ಅವಳು ನಂಬಲಿಲ್ಲ.

ಶುಕ್ರವಾರ ಸಂಜೆ ಎದುರುಮನೆ ಮಾಮ ಬಂದರು. ಅವರೂ ಕಾರ್ಖಾನೆಯವರೇ. ಅವರ ಮಗ ನನ್ನ ತರಗತಿಯಲ್ಲಿದ್ದ. ಮಾಮ ಕೂರಲಿಲ್ಲ. ಬಾಗಿಲನ್ನು ಅರ್ಧ ಮುಚ್ಚಿ ಅಪ್ಪನಿಗೆ ಮೆಲ್ಲಗೆ ಹೇಳಿದರು.

"ಆ ಟೀಚರ್ ನಮ್ ಮಕ್ಕಳ ಕೈಲಿ ವಿಮಾನ ಎಣಿಸ್ತಾ ಇದ್ದಾರೆ ಕಣ್ರೀ. ಬೆಳಿಗ್ಗೆ ಎಷ್ಟು ಹೋಯ್ತು, ಯಾವ ಕಡೆ ಹೋಯ್ತು, ಎಲ್ಲಾ ಗೋಡೆ ಮೇಲಿದೆ. ಇಂಥ ಟೈಮಲ್ಲಿ ಅದ್ಯಾವ ಪಾಠ? ನಾಳೆ ನಾನು ಬಿಡಲ್ಲ, ಎಲ್ಲರ ಮುಂದೆ ಕೇಳ್ತೀನಿ. ಸರಿಯಾಗಿ ಹೇಳ್ಲಿಲ್ಲ ಅಂದ್ರೆ ಆಫೀಸಿಗೆ ತಿಳಿಸೋದೇ."

ಅಪ್ಪ ನನ್ನನ್ನು ಕರೆದು ಕೇಳಿದ. ಹೌದು ಅಂದೆ. ಹಾಳೆ ತುಂಬಿದ ಮೇಲೆ ಟೀಚರ್ ಏನು ಮಾಡುತ್ತಾರೆ ಎಂದು ಕೇಳಿದ. ಸುತ್ತಿ ಬೀರುವಿನಲ್ಲಿಡುತ್ತಾರೆ ಅಂದೆ. ಅಪ್ಪ, ಮಾಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಯವರೆಗೆ ನನಗೆ ತುಂಬ ಇಷ್ಟವಾಗಿದ್ದ ಆ ಬೀರು, ಆ ಕೊಡೆ, ಆ ಹಾಡಿನಂಥ ಮಾತು ಎಲ್ಲವೂ ಒಮ್ಮೆಲೇ ಬೇರೆಯಾಗಿ ಕಾಣತೊಡಗಿದವು. ಟೀಚರ್ ಯಾಕೆ ಒಬ್ಬರೇ ಇರುತ್ತಾರೆ? ಮಳೆಯಿಲ್ಲದ ತಿಂಗಳಲ್ಲಿ ಕೊಡೆ ಯಾಕೆ? ಹಾಗೆ ಯೋಚಿಸಿದರೆ ನನಗೆ ಅಳು ಬರುತ್ತಿತ್ತು, ಆದರೂ ಯೋಚನೆ ನಿಲ್ಲಲಿಲ್ಲ.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಕೈ ಹಿಡಿದು ಹೊರಟ. ಹುಲ್ಲಿನ ಮೇಲೆ ಇನ್ನೂ ಇಬ್ಬನಿಯಿತ್ತು. ಶಾಲೆಯ ಗೇಟಿನ ಹತ್ತಿರ ನಿಂತು ಬಗ್ಗಿ, "ಅವರು ಏನ್ ಕೇಳಿದ್ರೂ ನೀನು ಬಾಯ್ ಬಿಡ್ಬೇಡ, ಗೊತ್ತಾಯ್ತಾ?" ಅಂದ.

ನಮ್ಮ ಪುಟ್ಟ ಬೆಂಚುಗಳಲ್ಲಿ ಅಪ್ಪಂದಿರು, ಎಲ್ಲರೂ ಕಾರ್ಖಾನೆಯವರೇ, ಮಂಡಿ ಮಡಿಸಲಾರದೆ ಕೂತಿದ್ದರು. ನಾವು ಗೋಡೆಗೆ ಒರಗಿ ನಿಂತಿದ್ದೆವು. ಟೀಚರ್ ಒಂದೊಂದಾಗಿ ಹೇಳಿದರು. ಯಾರು ಕೂಡುವ ಲೆಕ್ಕದಲ್ಲಿ ಮುಂದಿದ್ದಾರೆ, ಯಾರಿಗೆ ಒತ್ತಕ್ಷರ ಕಷ್ಟ, ಯಾರು ಹಂಚಿಕೊಂಡು ತಿನ್ನುತ್ತಾರೆ. ಯಾರೂ ತಲೆಯಾಡಿಸಲಿಲ್ಲ. ಎಲ್ಲರ ಕಣ್ಣೂ ಆ ಕಂದು ಹಾಳೆಯ ಮೇಲಿತ್ತು.

ಮಾಮ ಎದ್ದು ನಿಂತರು. "ಅದೆಲ್ಲ ಇರ್ಲಿ ಟೀಚರ್. ಈ ವಿಮಾನ ಯಾಕೆ ಬರೆಸಿದ್ರಿ?"

"ಮಕ್ಕಳಿಗೆ ಕಂಡದ್ದನ್ನ ಬರೀಲಿಕ್ಕೆ ಹಚ್ಚೇನ್ರೀ. ನೋಡೋದು, ಕೇಳೋದು ಕಲೀಲಿ ಅಂತ."

"ಈ ಹಾಳೆ ಆಮೇಲೆ ಎಲ್ಲಿಗೆ ಹೋಗತ್ತೆ?"

"ಎಲ್ಲಿಗೆ ಹೋಗ್ತದ್ರೀ? ಇಲ್ಲೇ ಬೀರುವಿನ್ಯಾಗ ಇರ್ತದ."

"ರಜಕ್ಕೆ ನೀವು ಊರಿಗೆ ಹೋಗ್ತೀರಲ್ಲ. ಆಗ?"

ಟೀಚರಿಗೆ ಆಗ ಅರ್ಥವಾಯಿತು. ಅವರ ಮುಖ ಕೆಂಪಾಯಿತು. ಆದರೂ ಅವರು ಜಗಳಕ್ಕೆ ಹೋಗಲಿಲ್ಲ. ತಾವು ಕಲಿಸಿದ್ದರಲ್ಲಿ ಕೆಟ್ಟದ್ದೇನೂ ಇಲ್ಲವೆಂದು ತೋರಿಸಲು ನನ್ನ ಕಡೆ ಕೈ ಮಾಡಿ, ನಗುತ್ತಾ ಅಪ್ಪನಿಗೆ ಹೇಳಿದರು, "ನಿಮ್ಮ ಮಗಳು ಭಾಳ ಶಾಣ್ಯಾ ಇದ್ದಾಳ್ರೀ. ಕಣ್ಣ ಮುಚ್ಚಿ ನಿಂತರೂ, ಇದು ನಮ್ಮಲ್ಲಿ ಮಾಡಿದ ವಿಮಾನ, ಹೊಸದಾಗಿ ಹಾರ್ಲಿಕ್ಕೆ ಹತ್ತೇದ ಅಂತ ಬರೋಬರಿ ಹೇಳತಾಳ."

ಬೆಂಚುಗಳೆಲ್ಲ ಕಿರುಗುಟ್ಟಿದವು. ಅಷ್ಟು ಹೊತ್ತು ಟೀಚರನ್ನು ನೋಡುತ್ತಿದ್ದ ಕಣ್ಣುಗಳು ಅಪ್ಪನ ಕಡೆ ತಿರುಗಿದವು. ಮಾಮ ಕೂಡ. ನಿನ್ನೆ ಸಂಜೆ ನಮ್ಮ ಬಾಗಿಲಲ್ಲಿ ನಿಂತಿದ್ದ ಅದೇ ಮಾಮ, ಈಗ ಚಾಕು ಸಾಣೆಯವನನ್ನು ನೋಡಿದ ಹಾಗೆ ಅಪ್ಪನನ್ನು ನೋಡಿದರು.

"ಏನ್ರೀ, ಮನೇಲಿ ಎಲ್ಲಾ ಹೇಳ್ಕೊಡ್ತೀರಾ?"

"ನಾನ್ಯಾಕ್ರೀ ಹೇಳ್ಲಿ?" ಅಂದ ಅಪ್ಪ. ಕಾರ್ಖಾನೆಯ ವಿಷಯ ಮನೆಯಲ್ಲಿ ಮಾತಾಡಿದ ಎಂದು ಗೊತ್ತಾದರೆ ಅಪ್ಪನ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆಯೂ ಹೋಗುತ್ತದೆ. ಅಷ್ಟು ನನಗೂ ಗೊತ್ತಿತ್ತು.

"ಹಾಗಾದ್ರೆ ಮಗೂಗೆ ಹೇಗೆ ಗೊತ್ತಾಯ್ತು?"

ಎಲ್ಲರೂ ನನ್ನನ್ನು ನೋಡಿದರು. ಅಪ್ಪ ಬಾಯಿ ಬಿಡಬೇಡ ಅಂದಿದ್ದ, ನಾನು ಬಿಡಲಿಲ್ಲ. ನಾನು ಸುಮ್ಮನಿದ್ದಷ್ಟೂ ಅಲ್ಲಿಯ ಗುಸುಗುಸು ಹೆಚ್ಚಾಯಿತು. ಕೊನೆಗೆ ಅಪ್ಪನೇ, "ಹೇಳಮ್ಮ. ಯಾರು ಹೇಳ್ಕೊಟ್ರು?" ಅಂದ.

"ಯಾರೂ ಹೇಳ್ಕೊಟ್ಟಿಲ್ಲ," ಅಂದೆ. "ಅಪ್ಪನ್ನ ನೋಡಿದ್ರೆ ಗೊತ್ತಾಗತ್ತೆ."

"ನನ್ನ ನೋಡಿದ್ರೆ ಗೊತ್ತಾಗತ್ತಾ?"

"ಊಟ ಮಾಡೋವಾಗ ವಿಮಾನ ಬಂದ್ರೆ, ಬೇರೆಯದಾದ್ರೆ ನೀನು ತಿಂತಾನೇ ಇರ್ತೀಯ. ನಿಮ್ಮ ಕಾರ್ಖಾನೇದಾದ್ರೆ ತುತ್ತು ಕೈಯಲ್ಲೇ ಇರತ್ತೆ. ಅದು ಮೇಲಕ್ಕೆ ಹೋಗೋವರ್ಗೂ ಬಾಯಿಗೆ ಹಾಕ್ಕೊಳಲ್ಲ. ಹಣೆಯೆಲ್ಲ ಗಂಟಾಗತ್ತೆ. ಸದ್ದು ಸರಿಯಾದ್ಮೇಲೆ ಉಸಿರು ಬಿಟ್ಟು ತಿಂತೀಯ. ನಾನು ಆ ಸದ್ದು ನೆನಪಿಟ್ಕೊಂಡಿದ್ದೀನಿ."

ಆಗ ಅಂಗಳದಾಚೆ ದೂರದಲ್ಲಿ ಒಂದು ಮೊರೆತ ಶುರುವಾಯಿತು. ಅದು ಹತ್ತಿರ ಬಂದು ಶಾಲೆಯ ಹೆಂಚುಗಳನ್ನು ನಡುಗಿಸಿತು. ಹೊಸ ವಿಮಾನ. ಬೆಂಚುಗಳಲ್ಲಿ ಕೂತಿದ್ದ ಅಪ್ಪಂದಿರೆಲ್ಲ ಒಟ್ಟಿಗೆ ಕತ್ತು ಒಂದು ಪಕ್ಕಕ್ಕೆ ವಾಲಿಸಿ ಉಸಿರು ಹಿಡಿದರು. ನಿಂತಿದ್ದ ಮಾಮನ ಹಣೆಯೂ ಗಂಟಾಯಿತು. ಅದು ಮೇಲೇರಿ ಸದ್ದು ತೆಳ್ಳಗಾದಾಗ ಎಲ್ಲರ ಭುಜಗಳೂ ಒಟ್ಟಿಗೆ ಇಳಿದವು. ಗೋಡೆಗೆ ಒರಗಿದ್ದ ಮಕ್ಕಳೆಲ್ಲ ತಂತಮ್ಮ ಅಪ್ಪಂದಿರನ್ನೇ ನೋಡುತ್ತಿದ್ದೆವು. ಟೀಚರ್ ನಮ್ಮನ್ನು ನೋಡುತ್ತಿದ್ದರು.

ಮಾಮ ಮೆಲ್ಲಗೆ ಕೂತರು. ಅಪ್ಪ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ಅನುಮಾನ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ವಿಮಾನ ಬಿಡಿಸುವುದು ಬೇಡ ಎಂದು ಎಲ್ಲರೂ ಸೇರಿ ಹೇಳಿದರು. ಟೀಚರ್ ಒಪ್ಪಿದರು. ಅಲ್ಲೇ ಆ ಚಿತ್ರಗಳ ಮೇಲೆ ಬಿಳಿ ಕಾಗದ ಅಂಟಿಸಿದರು. ಅಂಟಿಸುವಾಗ ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಹೊರಡುವಾಗ ಅಪ್ಪ ಬಾಗಿಲಿನಲ್ಲಿ ನಿಂತು, "ಮುಂದಿನ ತಿಂಗಳೂ ಕರೀರಿ ಟೀಚರ್. ನಾನು ಬರ್ತೀನಿ" ಅಂದ. ಮಿಕ್ಕವರು ಯಾರೂ ಮತ್ತೆ ಬರಲಿಲ್ಲ. ಅಪ್ಪ ಮಾತ್ರ ತಿಂಗಳಿಗೊಮ್ಮೆ ಹೋಗಿ ಆ ಪುಟ್ಟ ಬೆಂಚಿನಲ್ಲಿ ಕೂತು ನನ್ನ ಒತ್ತಕ್ಷರದ ಸುದ್ದಿ ಕೇಳಿಕೊಂಡು ಬರುತ್ತಿದ್ದ. ಟೀಚರ್ ಮೇಲೆ ನಂಬಿಕೆ ಹುಟ್ಟಿ ಹೋಗುತ್ತಿದ್ದನೋ, ಕಾವಲಿಗೆ ಹೋಗುತ್ತಿದ್ದನೋ, ನನಗೆ ಇವತ್ತಿಗೂ ತಿಳಿಯದು.

ಒಂದು ಮಾತ್ರ ಬದಲಾಯಿತು. ಆವತ್ತಿನಿಂದ ಊಟದ ಹೊತ್ತಿಗೆ ವಿಮಾನ ಬಂದರೆ ಅಪ್ಪ ತಲೆ ತಗ್ಗಿಸಿ ತಟ್ಟೆಯನ್ನೇ ನೋಡುತ್ತಾ ಬೇಗಬೇಗ ತಿನ್ನುತ್ತಿದ್ದ. ನಾನು ಎಷ್ಟು ಬಗ್ಗಿ ನೋಡಿದರೂ ಏನೂ ಕಾಣುತ್ತಿರಲಿಲ್ಲ.

ಮೊಮ್ಮಕ್ಕಳೇ, ಈಗ ನಿಮ್ಮ ಟೀಚರ್ ಯಾವ ಅಪ್ಪ ಅಮ್ಮನನ್ನೂ ಬೆಂಚಿನ ಮೇಲೆ ಕೂರಿಸುವುದಿಲ್ಲ. ಸಂಜೆಯಾದರೆ ಫೋನಿಗೇ ಎಲ್ಲಾ ಬರುತ್ತದೆ. ಇವತ್ತು ಎಲೆಗಳ ಅಚ್ಚು ಹಾಕಿದೆವು, ಇವತ್ತು ಗಡಿಯಾರ ನೋಡಲು ಕಲಿತೆವು, ಜೊತೆಗೆ ಫೋಟೋ. ನಿಮ್ಮಪ್ಪ ಮೆಟ್ರೋದಲ್ಲಿ ನಿಂತೇ ಫೋಟೋ ದೊಡ್ಡದು ಮಾಡಿ ನೀವು ಕೊನೆಯ ಸಾಲಿನಲ್ಲಿದ್ದೀರೇನೋ ಎಂದು ಹುಡುಕುತ್ತಾನೆ. ಈ ಫೋಟೋಗಳನ್ನು ಇನ್ಯಾರ್ಯಾರು ನೋಡುತ್ತಾರೋ ಎಂದು ನಿಮ್ಮಮ್ಮ ಕೇಳುತ್ತಾಳೆ. ನಮ್ಮ ಮನೆಯಲ್ಲಿ ಕಾಗದವನ್ನು ಕಿಟಕಿಗೆ ಅಂಟಿಸಿದ್ದೆವು, ನಿಮ್ಮ ಮನೆಯಲ್ಲಿ ಲ್ಯಾಪ್‌ಟಾಪಿನ ಕ್ಯಾಮೆರಾಗೆ ಅಂಟಿಸಿದ್ದಾರೆ. ನೀವು ನಗುತ್ತೀರಿ. ನಾನು ನಗುವುದಿಲ್ಲ.

ಹೋದ ವಾರ ನಿಮ್ಮಲ್ಲಿ ಚಿಕ್ಕವಳ ಟೀಚರ್ ಬರೆದಿದ್ದರು, ಇವಳು ಉತ್ತರ ಹೇಳುವ ಮೊದಲು ಕಣ್ಣು ಮುಚ್ಚಿ ಎರಡು ಬೆರಳಿನಿಂದ ಮೇಜು ಕುಟ್ಟುತ್ತಾಳೆ, ನೋಡಲು ಮುದ್ದಾಗಿರುತ್ತದೆ ಎಂದು. ನಿಮ್ಮಮ್ಮ ಅದನ್ನು ಓದಿ ಹುಬ್ಬು ಗಂಟಿಕ್ಕಿದಳು. "ಇದೆಲ್ಲ ಯಾರು ಕಲಿಸ್ತಾರೆ ಇವಳಿಗೆ ಸ್ಕೂಲಲ್ಲಿ?" ಅಂದಳು. ಟೀಚರಿಗೆ ಏನು ಬರೆಯುವುದು ಎಂದು ಕಣ್ಣು ಮುಚ್ಚಿ ಯೋಚಿಸಿದಳು, ಎರಡು ಬೆರಳಿನಿಂದ ಊಟದ ಮೇಜನ್ನು ಕುಟ್ಟುತ್ತಾ. ಎದುರು ಕೂತಿದ್ದ ನಾನು ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ಕುಟ್ಟುವುದನ್ನು ನಿಲ್ಲಿಸಿಬಿಡುತ್ತಾಳೆ ಅನ್ನಿಸಿ ಸುಮ್ಮನಾದೆ.